ಹೆರಿಗೆಯ ಕೇಸ್ ಶೀಟ್ ಕೇಳಿ ಪಡೆದದ್ದು

ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೆರಿಗೆಯ ಬಗ್ಗೆ ಇದ್ದದ್ದು ಒಂದೇ ಸಾಲು: ‘ಎಫ್‌ಟಿಎನ್‌ಡಿ ವಿತ್ ಆರ್‌ಎಂಎಲ್‌ಇ’. ಮೊದಲ ನಾಲ್ಕಕ್ಷರಕ್ಕೆ ತಿಂಗಳು ತುಂಬಿದ ಸಹಜ ಹೆರಿಗೆ ಎಂದರ್ಥ. ಕೊನೆಯ ನಾಲ್ಕಕ್ಕೆ, ಯೋನಿದ್ವಾರದಿಂದ ಬಲಕ್ಕೆ ಓರೆಯಾಗಿ ಕತ್ತರಿ ಹಾಕಿದ್ದೇವೆ ಎಂದರ್ಥ. ಕತ್ತರಿಸುವ ಮುಂಚೆ ಯಾರೂ ಕೇಳಿರಲಿಲ್ಲ, ಹೇಳಿಯೂ ಇರಲಿಲ್ಲ. ಹೊಟ್ಟೆಯ ಮೇಲ್ಭಾಗವನ್ನು ಮೊಣಕೈಯಿಂದ ಒತ್ತಿ ಮಗುವನ್ನು ಕೆಳಕ್ಕೆ ತಳ್ಳಿದ್ದು ಆ ಸಾಲಿನಲ್ಲಿ ಇರಲೇ ಇಲ್ಲ. ಪೂರ್ತಿ ಕಡತ ಕೈಗೆ ಬರುವಷ್ಟರಲ್ಲಿ ಮಗುವಿಗೆ ನಾಲ್ಕು ತಿಂಗಳು ತುಂಬಿತ್ತು. ಆಸ್ಪತ್ರೆಯ ಲಿಖಿತ ಉತ್ತರ ಹೋದ ವಾರ ಬಂತು. ಗೊತ್ತಿಲ್ಲದೆ ನಾವು ಕಳೆದುಕೊಂಡ ವಾರಗಳು ಉಳಿದವರಿಗಾದರೂ ಉಳಿಯಲಿ ಅಂತ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ಅಡ್ಡಿ ಆಸ್ಪತ್ರೆಯದ್ದಲ್ಲ, ಮನೆಯದ್ದು. ‘ಮಗು ಚೆನ್ನಾಗಿದೆ, ನೀನೂ ಚೆನ್ನಾಗಿದ್ದೀಯ, ಇನ್ನೇನಮ್ಮಾ?’ ಎಂದು ಎಲ್ಲರೂ ಪ್ರೀತಿಯಿಂದಲೇ ಕೇಳುತ್ತಾರೆ. ದಾಖಲೆ ಕೇಳುವುದೆಂದರೆ ಡಾಕ್ಟರ ಮೇಲೆ ಕೇಸು ಹಾಕುವುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹಾಗಲ್ಲ. ಮುಂದಿನ ಹೆರಿಗೆಗೆ, ಹೊಲಿಗೆಯ ನೋವು ಉಳಿದರೆ ಚಿಕಿತ್ಸೆಗೆ, ಅಥವಾ ನನ್ನ ಮೈಮೇಲೆ ಏನು ನಡೆಯಿತು ಎಂದು ತಿಳಿದುಕೊಳ್ಳುವುದಕ್ಕೆ ಮಾತ್ರವೇ ಆದರೂ ದಾಖಲೆ ಬೇಕಾಗುತ್ತದೆ. ಕೇಳುವುದಕ್ಕೆ ಕಾರಣ ಕೊಡಬೇಕಾಗಿಯೂ ಇಲ್ಲ.

ಬಾಯಿಮಾತಿನಲ್ಲಿ ಕೇಳಿ ಮೂರು ವಾರ ಕಳೆದೆವು. ಬಿಲ್ಲಿಂಗ್ ಕೌಂಟರಿನಲ್ಲಿ, ‘ಸಮ್ಮರಿ ಕೊಟ್ಟಿದ್ದೀವಲ್ಲ ಮೇಡಂ, ಅದೇ ರೆಕಾರ್ಡು’ ಎಂದರು. ಮುಂದಿನ ವಾರ, ‘ಎಂಆರ್‌ಡಿಯವರು ರಜೆ’ (ಎಂಆರ್‌ಡಿ ಎಂದರೆ ಆಸ್ಪತ್ರೆಯ ದಾಖಲೆ ವಿಭಾಗ). ಅದರ ಮುಂದಿನ ವಾರ, ‘ಕೇಸ್ ಶೀಟ್ ಹೊರಗೆ ಕೊಡೋ ಹಾಗಿಲ್ಲ, ಕೋರ್ಟಿಂದ ಲೆಟರ್ ತನ್ನಿ’. ಈ ಕೊನೆಯ ಮಾತು ತಪ್ಪು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಲೇಬೇಕು. ರೋಗಿಯಾಗಲಿ, ಅವರು ಅಧಿಕಾರ ಕೊಟ್ಟವರಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2023ರ ಆಗಸ್ಟಿನಲ್ಲಿ ಹೊಸ ನಿಯಮಗಳು ಬಂದವಾದರೂ ಅದೇ ತಿಂಗಳು ಅವನ್ನು ತಡೆಹಿಡಿದರು. ಹಾಗಾಗಿ ಅರ್ಜಿಯಲ್ಲಿ 2002ರ ನಿಯಮವನ್ನೇ ಬರೆಯಿರಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೂ ಬಿಡುಗಡೆಯಾದ ಮೇಲೆ 72 ಗಂಟೆ ಎಂದೇ ಇದೆ.

ಮೂರು ವಾರದಲ್ಲಿ ಆಗದ್ದು ಒಂದು ಹಾಳೆಯ ಅರ್ಜಿಯಿಂದ ಆಯಿತು. ಅದನ್ನು ಮೆಡಿಕಲ್ ಸೂಪರಿಂಟೆಂಡೆಂಟ್ ಹೆಸರಿಗೆ ಬರೆಯಬೇಕು. ಹೆರಿಗೆಯಾದವರೇ ಸಹಿ ಮಾಡಬೇಕು. ಗಂಡನೋ ತಾಯಿಯೋ ಹೋಗಿ ತರುವುದಾದರೆ ಅಧಿಕಾರ ಪತ್ರ ಮತ್ತು ಇಬ್ಬರ ಗುರುತಿನ ಚೀಟಿಯ ಜೆರಾಕ್ಸ್ ಜೊತೆಗಿರಲಿ. ಐಪಿ ನಂಬರ್ (ಒಳರೋಗಿ ಸಂಖ್ಯೆ), ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕ ಬರೆಯಿರಿ. ‘ಎಲ್ಲ ದಾಖಲೆ ಕೊಡಿ’ ಎಂದಷ್ಟೇ ಬರೆದರೆ ಅವರಿಗೆ ತೋಚಿದ್ದನ್ನು ಕೊಡುತ್ತಾರೆ. ಅದಕ್ಕೇ ಹೆಸರು ಹಿಡಿದು ಕೇಳಬೇಕು: ದಾಖಲಾತಿ ಟಿಪ್ಪಣಿ, ಎಲ್ಲ ಒಪ್ಪಿಗೆ ಪತ್ರಗಳು, ಪಾರ್ಟೋಗ್ರಾಫ್ (ಹೆರಿಗೆ ನೋವಿನ ನಕ್ಷೆ), ಮಗುವಿನ ಎದೆಬಡಿತದ ಸಿಟಿಜಿ ಪಟ್ಟಿಗಳು, ವೈದ್ಯರ ದಿನವಹಿ ಟಿಪ್ಪಣಿ, ನರ್ಸ್‌ಗಳ ಟಿಪ್ಪಣಿ, ಔಷಧಿ ಚಾರ್ಟ್, ಹೆರಿಗೆ ಟಿಪ್ಪಣಿ, ಮಗುವಿನ ಕಡತ. ಸಿಸೇರಿಯನ್ ಆಗಿದ್ದರೆ ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಅರಿವಳಿಕೆ ಟಿಪ್ಪಣಿಯನ್ನೂ ಸೇರಿಸಿ. ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ, ಆಸ್ಪತ್ರೆಯ ಮೊಹರು ಒತ್ತಿ, ಒಟ್ಟು ಎಷ್ಟು ಪುಟ ಎಂದು ಮೇಲ್ಪತ್ರದಲ್ಲಿ ಬರೆದು ಕೊಡಬೇಕೆಂದೂ ಕೇಳಿ.

ಅರ್ಜಿಯ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ದಿನಾಂಕದ ಜೊತೆಗೆ ವೇಳೆಯನ್ನೂ ಹಾಕಿಸಿಕೊಳ್ಳಿ. ಗಡುವು ಗಂಟೆಯ ಲೆಕ್ಕದಲ್ಲಿದೆ. ನಮಗೆ ಮೊಹರು ಹಾಕಲು ಒಪ್ಪಲಿಲ್ಲ. ಅಲ್ಲಿ ವಾದಕ್ಕೆ ನಿಲ್ಲದೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ, ತಲುಪಿದ ಪುರಾವೆಯ ಸಮೇತ ಕಳಿಸಿದೆವು. ಅದರದೇ ಫೋಟೋ ಆಸ್ಪತ್ರೆಯ ಈಮೇಲಿಗೂ ಹೋಯಿತು. ಮರುದಿನ ಎಂಆರ್‌ಡಿಯಿಂದಲೇ ಫೋನ್ ಬಂತು.

ಮೊದಲ ಸಲ ಕೊಟ್ಟದ್ದು 22 ಪುಟ. ಅದರಲ್ಲಿ ರಕ್ತ ಪರೀಕ್ಷೆಯ ವರದಿಗಳು, ಬಿಲ್ಲು, ಮತ್ತೆ ಅದೇ ಸಮ್ಮರಿ. ಪಾರ್ಟೋಗ್ರಾಫ್, ನರ್ಸ್ ಟಿಪ್ಪಣಿ, ಒಪ್ಪಿಗೆ ಪತ್ರ ಮೂರೂ ಇಲ್ಲ. ಬೇಕಾದ್ದು ಆ ಮೂರೇ ಆಗಿತ್ತು. ಕೌಂಟರಿನಲ್ಲೇ ನಿಂತು ಪಟ್ಟಿಯೊಂದಿಗೆ ತಾಳೆ ನೋಡದೆ ‘ಎಲ್ಲ ತಲುಪಿದೆ’ ಎಂದು ಸಹಿ ಹಾಕಬೇಡಿ. ನಾವು ‘22 ಪುಟ ಮಾತ್ರ ಪಡೆದಿದ್ದೇವೆ, ಕೆಳಗಿನವು ಬಾಕಿ’ ಎಂದು ಬರೆದು ಸಹಿ ಮಾಡಿದೆವು. ಬಾಕಿಯದಕ್ಕೆ ಎರಡನೇ ಪತ್ರ ಕೊಟ್ಟೆವು. ಉಳಿದ 36 ಪುಟ ಆರು ದಿನಕ್ಕೆ ಬಂದವು. ಪುಟಕ್ಕೆ 5 ರೂಪಾಯಿಯಂತೆ 290 ರೂಪಾಯಿ ಜೆರಾಕ್ಸ್ ವೆಚ್ಚ ತೆಗೆದುಕೊಂಡರು. ಪ್ರತಿಯ ವೆಚ್ಚ ಕೇಳುವುದು ನ್ಯಾಯವೇ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಇದೇ ಅರ್ಜಿಯ ಜೊತೆಗೆ ಮಾಹಿತಿ ಹಕ್ಕಿನ ದಾರಿಯೂ ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಆದ್ದರಿಂದ ದೂರು, ಪ್ರಶ್ನೆ ಯಾವುದನ್ನೂ ಅದರಲ್ಲಿ ಸೇರಿಸದೆ ದಾಖಲೆ ಮಾತ್ರ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು.

ಕಡತ ಬಂದ ರಾತ್ರಿಯೇ ಕೂತು ಓದಿದ್ದು ತಪ್ಪಾಯಿತು. ಆ ಪುಟಗಳಲ್ಲಿ ಗಂಟೆ ನಿಮಿಷಗಳ ಸಮೇತ ಎಲ್ಲವೂ ಇರುತ್ತದೆ. ಓದುತ್ತಾ ಹೋದಂತೆ ಮೈ ಮತ್ತೆ ಆ ಕೋಣೆಗೆ ಹೋಗಿಬಿಡುತ್ತದೆ: ಕೈ ತಣ್ಣಗಾಗುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ. ಹಗಲು ಹೊತ್ತಿನಲ್ಲಿ, ಪಕ್ಕದಲ್ಲಿ ನಂಬಿಕೆಯವರೊಬ್ಬರನ್ನು ಕೂರಿಸಿಕೊಂಡು, ಮಗುವನ್ನು ಬೇರೆಯವರ ಕೈಗೆ ಕೊಟ್ಟು ಓದಿ. ಔಷಧಿ ಚಾರ್ಟ್, ಮಗುವಿನ ಕಡತದಿಂದ ಶುರುಮಾಡಿ. ಹೆರಿಗೆ ಟಿಪ್ಪಣಿಯನ್ನು ಕೊನೆಗಿಡಿ. ಬೇಡವೆನಿಸಿದರೆ ಬೇರೆಯವರು ಓದಿ ಮುಖ್ಯವಾದದ್ದಷ್ಟನ್ನು ಹೇಳಲಿ.

ಪಾರ್ಟೋಗ್ರಾಫ್ ಎನ್ನುವುದು ಹೆರಿಗೆ ನೋವಿನ ನಕ್ಷೆ. ಅಡ್ಡಕ್ಕೆ ಗಂಟೆಗಳು, ಉದ್ದಕ್ಕೆ ಗರ್ಭಕಂಠ ಎಷ್ಟು ಸೆಂಟಿಮೀಟರ್ ತೆರೆದಿದೆ ಎಂಬ ಗುರುತು. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ ನಮೂನೆ 4 ಸೆಂಟಿಮೀಟರಿನಿಂದ ಶುರುವಾಗುತ್ತದೆ. ಅದರಲ್ಲಿ ಎರಡು ಓರೆ ಗೆರೆಗಳಿರುತ್ತವೆ, ಒಂದು ಎಚ್ಚರಿಕೆಯದ್ದು, ಇನ್ನೊಂದು ಕ್ರಮ ಕೈಗೊಳ್ಳಬೇಕಾದದ್ದು; ಅವುಗಳ ನಡುವೆ 4 ಗಂಟೆಯ ಅಂತರ ಇರುತ್ತದೆ. ಮಗುವಿನ ಎದೆಬಡಿತ, ನೋವಿನ ಲೆಕ್ಕ ಅರ್ಧ ಗಂಟೆಗೊಮ್ಮೆ, ಒಳ ಪರೀಕ್ಷೆ 4 ಗಂಟೆಗೊಮ್ಮೆ ದಾಖಲಾಗಬೇಕು. ನಮ್ಮ ಹಾಳೆಯಲ್ಲಿ ಎಲ್ಲ ಚುಕ್ಕೆಗಳೂ ಒಂದೇ ಶಾಯಿಯಲ್ಲಿ, ಒಂದೇ ಒತ್ತಿನಲ್ಲಿ, ಸ್ಕೇಲ್ ಇಟ್ಟಂತೆ ನೇರವಾಗಿ ಏರಿದ್ದವು. ಹೆರಿಗೆ ಮುಗಿದ ಮೇಲೆ ಒಟ್ಟಿಗೆ ತುಂಬಿಸಿದರೆ ಹೀಗೆ ಕಾಣುತ್ತದೆ. ಇದೊಂದರಿಂದಲೇ ಏನೂ ಸಾಬೀತಾಗುವುದಿಲ್ಲ, ಆದರೆ ನರ್ಸ್ ಟಿಪ್ಪಣಿಯ ವೇಳೆಗಳೊಂದಿಗೆ ಹೋಲಿಸಿ ನೋಡಬೇಕೆಂದು ಅದು ಹೇಳುತ್ತದೆ. ಪಾರ್ಟೋಗ್ರಾಫಿನಲ್ಲಿ ಒಳ ಪರೀಕ್ಷೆ 3 ಸಲ, ನರ್ಸ್ ಟಿಪ್ಪಣಿಯಲ್ಲಿ 7 ಸಲ. ಸಾಮಾನ್ಯವಾಗಿ ಸತ್ಯಕ್ಕೆ ಹತ್ತಿರ ಇರುವುದು ನರ್ಸ್‌ಗಳ ಪುಸ್ತಕವೇ, ಯಾಕೆಂದರೆ ಅದನ್ನು ಆಗಿಂದಾಗ್ಗೆ ಬರೆಯುತ್ತಾರೆ.

ಇನ್ನು ಒಪ್ಪಿಗೆ ಪತ್ರ. ಒಂದೇ ಹಾಳೆ, ಪೂರ್ತಿ ಇಂಗ್ಲಿಷಿನಲ್ಲಿ ಅಚ್ಚಾದದ್ದು. ಯಾವ ಚಿಕಿತ್ಸೆಗೆ ಒಪ್ಪಿಗೆ ಎಂಬ ಖಾಲಿ ಜಾಗದಲ್ಲಿ ‘ನಾರ್ಮಲ್ ಡೆಲಿವರಿ, ಎಸ್‌ಒಎಸ್ ಎಲ್‌ಎಸ್‌ಸಿಎಸ್’ ಎಂದು ನೀಲಿ ಶಾಯಿ. ಅಂದರೆ ಸಹಜ ಹೆರಿಗೆ, ಬೇಕಾದರೆ ಸಿಸೇರಿಯನ್. ಸಹಿ ಕಪ್ಪು ಶಾಯಿಯದ್ದು, ಗೆರೆಯಿಂದ ಕೆಳಗೆ ಜಾರಿ ಮುಂದಿನ ಸಾಲಿನ ಅಕ್ಷರಗಳ ಮೇಲೆ ಹತ್ತಿದೆ. ಸಹಿ ಹಾಕಿದಾಗ ಆ ಜಾಗ ಖಾಲಿ ಇತ್ತು. ವೇಳೆ: ಖಾಲಿ. ವಿವರಿಸಿದ ಭಾಷೆ: ಖಾಲಿ. ವಿವರಿಸಿದ ವೈದ್ಯರ ಸಹಿ: ಖಾಲಿ. ಸಾಕ್ಷಿ ಎಂದು ನರ್ಸ್ ಸಹಿ. ಕತ್ತರಿಯ ಮಾತು ಎಲ್ಲೂ ಇಲ್ಲ.

ಒಪ್ಪಿಗೆ ಎಂದರೇನು ಎಂದು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ, ಸಮೀರಾ ಕೊಹ್ಲಿ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ವಯಸ್ಕ ಮಹಿಳೆ ಎಚ್ಚರವಾಗುವವರೆಗೆ ಕಾಯಬಹುದಿತ್ತು, ತಾಯಿಯ ಒಪ್ಪಿಗೆ ಅವಳ ಒಪ್ಪಿಗೆಯಾಗುವುದಿಲ್ಲ ಎಂದು ಕೋರ್ಟ್ ಹೇಳಿತು. ಮಾಡಲಿರುವುದು ಏನು, ಯಾಕೆ, ಬೇರೆ ದಾರಿ ಇದೆಯೇ, ಅಪಾಯಗಳೇನು, ಬೇಡವೆಂದರೆ ಏನಾಗಬಹುದು ಎನ್ನುವುದನ್ನು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ. ಜೀವ ಉಳಿಸಲು ತಕ್ಷಣ ಮಾಡಲೇಬೇಕಾದಾಗ, ಕೇಳಲು ಸಾಧ್ಯವೇ ಇಲ್ಲದಿದ್ದಾಗ ಮಾತ್ರ ವೈದ್ಯರು ಮುಂದುವರಿಯಬಹುದು. ಹೆರಿಗೆ ನೋವಿನಲ್ಲಿರುವ ಹೆಣ್ಣಿಗೆ ಪ್ರಜ್ಞೆ ಇರುತ್ತದೆ. ‘ಸ್ವಲ್ಪ ಕತ್ತರಿಸಬೇಕಾಗಿದೆ, ಈ ಕಾರಣಕ್ಕೆ, ಸರಿಯಾ?’ ಎಂದು ಎರಡು ನೋವಿನ ನಡುವಿನ ಬಿಡುವಿನಲ್ಲಿ ಕೇಳಲು ಹತ್ತು ಸೆಕೆಂಡು ಸಾಕು.

ಇದೇ ಕಾರಣಕ್ಕೆ ಹೆರಿಗೆಯಾದ ಕೂಡಲೇ ಹಾಕುವ ಕಾಪರ್-ಟಿ ಬಗ್ಗೆಯೂ ಸಮ್ಮರಿಯಲ್ಲಿ ‘ಪಿಪಿಐಯುಸಿಡಿ’ ಎಂಬ ಅಕ್ಷರಗಳಿವೆಯೇ ಎಂದು ಎಲ್ಲರೂ ನೋಡಿಕೊಳ್ಳಬೇಕು. ಅದರ ಮಾತುಕತೆ ಗರ್ಭಿಣಿಯಾಗಿದ್ದಾಗಲೇ ನಡೆದಿರಬೇಕು, ನೋವು ಜೋರಾದ ಮೇಲೆ ಅಲ್ಲ. ಕೇಳದೆ ಹಾಕಿದ್ದರೆ ತೆಗೆಸಿಕೊಳ್ಳುವ ಹಕ್ಕಿದೆ.

ವಿಶ್ವ ಆರೋಗ್ಯ ಸಂಸ್ಥೆಯ 2018ರ ಹೆರಿಗೆ ಮಾರ್ಗಸೂಚಿ ಎರಡು ವಿಷಯದಲ್ಲಿ ಸ್ಪಷ್ಟವಾಗಿದೆ. ಸಹಜ ಹೆರಿಗೆಯಲ್ಲಿ ಎಲ್ಲರಿಗೂ ವಾಡಿಕೆಯಂತೆ ಕತ್ತರಿ ಹಾಕಬಾರದು. ಮಗುವನ್ನು ಹೊರತರಲು ಹೊಟ್ಟೆಯ ಮೇಲೆ ಕೈಯಿಂದ ಒತ್ತುವುದನ್ನು ಅದು ಶಿಫಾರಸು ಮಾಡುವುದಿಲ್ಲ. ಮಗುವಿನ ಎದೆಬಡಿತ ಕುಸಿದಾಗ, ಫೋರ್ಸೆಪ್ಸ್ ಬಳಸುವಾಗ ಕತ್ತರಿ ಬೇಕಾಗಬಹುದು, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಹಾಗಾಗಿಯೇ ಕಾರಣ ಬರೆದಿರಬೇಕು. ಒತ್ತಿದ ವಿಷಯವಂತೂ ಕಡತದಲ್ಲಿ ಸಿಗುವುದೇ ಅಪರೂಪ. ಕಾಗದದಲ್ಲಿ ಇಲ್ಲದ್ದನ್ನು ನೀವೇ ಬರೆದಿಡಬೇಕು: ಯಾರು ಎಲ್ಲಿ ನಿಂತಿದ್ದರು, ಏನು ಹೇಳಿದರು, ಪಕ್ಕದಲ್ಲಿದ್ದವರನ್ನು ಯಾವಾಗ ಹೊರಗೆ ಕಳಿಸಿದರು. ಆದಷ್ಟು ಬೇಗ, ದಿನಾಂಕ ಹಾಕಿ, ಕೈಬರಹದಲ್ಲಿ. ಜೊತೆಗಿದ್ದವರು ಬೇರೆ ಹಾಳೆಯಲ್ಲಿ, ನಿಮ್ಮದನ್ನು ಓದದೆ ಬರೆಯಲಿ.

ಜೊತೆಗಾರರ ಬಗ್ಗೆ ಒಂದು ಮಾತು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಒಬ್ಬ ಮಹಿಳೆಯನ್ನು ಜೊತೆಗಿರಲು ಬಿಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ತಿಳಿಸಿದೆ. ಸರ್ಕಾರಿ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು 2017ರ ಡಿಸೆಂಬರಿನಲ್ಲಿ ಶುರುವಾದ ‘ಲಕ್ಷ್ಯ’ ಕಾರ್ಯಕ್ರಮದಲ್ಲಿ ಪರದೆ, ಜೊತೆಗಾರರು, ಅನುಕೂಲವಾದ ಭಂಗಿ ಎಲ್ಲವೂ ಗುಣಮಟ್ಟದ ಅಳತೆಗಳೇ. ಖಾಸಗಿ ಆಸ್ಪತ್ರೆಯಲ್ಲಾದರೆ ತಪಾಸಣೆಗೆ ಹೋಗುವಾಗಲೇ ಕೇಳಿ, ಉತ್ತರವನ್ನು ತಾಯಿ ಕಾರ್ಡಿನಲ್ಲೋ ಓಪಿಡಿ ಚೀಟಿಯಲ್ಲೋ ಬರೆಸಿಕೊಳ್ಳಿ.

ಕಡತ ಓದಿದ ಮೇಲೆ ವೈದ್ಯರ ಭೇಟಿಗೆ ಕೇಳಿದೆವು. ಹನ್ನೆರಡು ದಿನ ಕಾದ ಮೇಲೆ ಅರ್ಧ ಗಂಟೆ ಸಿಕ್ಕಿತು. ‘ಯಾಕೆ ಹೀಗೆ ಮಾಡಿದಿರಿ?’ ಎಂದು ಶುರುಮಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಪುಟ ತೆರೆದು, ವೇಳೆ ಹೇಳಿ, ‘ಆಗ ನಿಮಗೆ ಏನು ಕಂಡಿತು ಡಾಕ್ಟ್ರೇ?’ ಎಂದು ಕೇಳುವುದು ಒಳ್ಳೆಯದು. ಕತ್ತರಿಯ ಪ್ರಶ್ನೆಗೆ ಬಂದ ಮೊದಲ ಉತ್ತರ, ‘ಮಗು ಹಾರ್ಟ್‌ಬೀಟ್ ಇಳೀತಾ ಇತ್ತಮ್ಮಾ’. ನರ್ಸ್ ಟಿಪ್ಪಣಿಯ ಪುಟ ಅವರ ಮುಂದಿಟ್ಟೆವು. ಬೆಳಗಿನ ಜಾವ 4.00ಕ್ಕೆ 138, 4.05ಕ್ಕೆ 142, 4.10ಕ್ಕೆ 136, ಹೆರಿಗೆ 4.16ಕ್ಕೆ. 110ರಿಂದ 160ರವರೆಗೆ ಸಹಜ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಆಮೇಲೆ ಹೇಳಿದರು: ‘ಫಸ್ಟ್ ಡೆಲಿವರಿಗೆ ನಾವು ಎಲ್ಲರಿಗೂ ಹಾಕ್ತೀವಿ.’ ನಾಲ್ಕು ತಿಂಗಳಿಂದ ಹುಡುಕುತ್ತಿದ್ದ ಉತ್ತರ ಅದೇ ಆಗಿತ್ತು. ಮನೆಗೆ ಬಂದ ತಕ್ಷಣ ಮಾತುಕತೆಯ ಸಾರವನ್ನು ಬರೆದು, ‘ತಪ್ಪಿದ್ದರೆ ತಿಳಿಸಿ’ ಎಂಬ ಸಾಲಿನೊಂದಿಗೆ ಆಸ್ಪತ್ರೆಗೆ ಈಮೇಲ್ ಮಾಡಿದೆವು. ಇದನ್ನು ಅವತ್ತೇ ಮಾಡಬೇಕು.

ಇದರ ನಡುವೆ ಮೈ-ಮನಸ್ಸಿನ ಚಿಕಿತ್ಸೆಯನ್ನು ಮುಂದೂಡಬೇಡಿ, ಕಾಗದದ ಕೆಲಸ ಅದಕ್ಕೆ ಕಾಯಬಲ್ಲದು. ಹೊಲಿಗೆಯ ಜಾಗ ಆರು ವಾರದ ನಂತರವೂ ನೋಯುತ್ತಿದ್ದರೆ ಬೇರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಗಾಳಿಯೋ ಮಲವೋ ತಡೆಯಲಾಗದಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ, ಸೀಳು ಗುದದ ಸ್ನಾಯುವಿನವರೆಗೆ ಹೋಗಿರಬಹುದು. ಪರೀಕ್ಷೆಗೆ ಮುಂಚೆಯೇ, ‘ನಾನು ಕೈ ಎತ್ತಿದರೆ ನಿಲ್ಲಿಸಬೇಕು’ ಎಂದು ಹೇಳಿ ಒಪ್ಪಿಸಿ. ಒಪ್ಪದವರ ಹತ್ತಿರ ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿಲ್ಲ.

ಮನಸ್ಸಿನ ವಿಷಯದಲ್ಲಿ ಎಡವುವುದು ಹೆಚ್ಚು. ಬಾಣಂತನದ ಖಿನ್ನತೆಯೇ ಬೇರೆ, ಹೆರಿಗೆಯ ಆಘಾತವೇ ಬೇರೆ. ಎರಡೂ ಒಟ್ಟಿಗೆ ಇರಲೂಬಹುದು. ಬೇಡವೆಂದರೂ ಆ ದೃಶ್ಯ ಕಣ್ಮುಂದೆ ಬರುವುದು, ಆಸ್ಪತ್ರೆಯ ರಸ್ತೆಯನ್ನೇ ತಪ್ಪಿಸಿ ಹೋಗುವುದು, ಮಗು ಮಲಗಿದ್ದರೂ ನಿದ್ದೆ ಹತ್ತದಿರುವುದು, ಸಣ್ಣ ಸದ್ದಿಗೆ ಬೆಚ್ಚುವುದು ಒಂದು ತಿಂಗಳು ದಾಟಿಯೂ ಇದ್ದರೆ ಅದು ಆಘಾತದ ಲಕ್ಷಣ. ಖಿನ್ನತೆಗೆಂದು ಕೇಳುವ ಎಡಿನ್‌ಬರೋ ಪ್ರಶ್ನಾವಳಿಯ 10 ಪ್ರಶ್ನೆಗಳಲ್ಲಿ ಇದು ಸಿಕ್ಕಿಬೀಳದೆ ಹೋಗಬಹುದು. ಆದ್ದರಿಂದ ಆಪ್ತಸಮಾಲೋಚಕರಿಗೆ ‘ಹೆರಿಗೆಯಲ್ಲಿ ನಡೆದದ್ದು ಮತ್ತೆ ಮತ್ತೆ ಬರುತ್ತಿದೆ’ ಎಂದು ನೇರವಾಗಿ ಹೇಳಿ. ಟೆಲಿ-ಮಾನಸ್ ಸಹಾಯವಾಣಿ 14416 ದಿನವಿಡೀ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ನಿಮಗೆ ನೀವೇ ಏನಾದರೂ ಮಾಡಿಕೊಳ್ಳುವ, ಮಗುವಿಗೆ ಏನಾದರೂ ಮಾಡಿಬಿಡುವ ಯೋಚನೆ ಬಂದರೆ ಅದೇ ದಿನ ಹೋಗಿ.

ದೂರಿನ ಬಾಗಿಲುಗಳು ಹಲವು, ಒಂದೊಂದರ ಕೆಲಸ ಬೇರೆ. ಮೊದಲು ಆಸ್ಪತ್ರೆಗೇ ಲಿಖಿತ ದೂರು. ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ 2017ರ ತಿದ್ದುಪಡಿಯಂತೆ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು. ಸರ್ಕಾರಿಯಾದರೆ ಜಿಲ್ಲಾ ಆರೋಗ್ಯಾಧಿಕಾರಿ, ಇಲ್ಲವೇ 104 ಆರೋಗ್ಯ ಸಹಾಯವಾಣಿ. ವೈದ್ಯರ ನಡವಳಿಕೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಅದು ಎಚ್ಚರಿಕೆ ಕೊಡಬಹುದು, ನೋಂದಣಿ ಅಮಾನತು ಮಾಡಬಹುದು. ಪರಿಹಾರದ ಹಣ ಕೊಡಿಸುವುದಿಲ್ಲ, ಆಸ್ಪತ್ರೆಯ ಮೇಲಿನ ದೂರನ್ನು ತೆಗೆದುಕೊಳ್ಳುವುದೂ ಇಲ್ಲ. ನಾವು ದೂರಿನ ಕರಡನ್ನು ಆಸ್ಪತ್ರೆಯ ಹೆಸರಿನಲ್ಲಿ ಬರೆದು ಮತ್ತೆ ಮೊದಲಿನಿಂದ ಬರೆಯಬೇಕಾಯಿತು. ವೈದ್ಯರ ಹೆಸರು, ನೋಂದಣಿ ಸಂಖ್ಯೆ ಬೇಕು. ಆ ಸಂಖ್ಯೆ ಅವರ ಔಷಧಿ ಚೀಟಿಯ ಮೇಲೆ ಇರಲೇಬೇಕೆಂದು ಮೇಲೆ ಹೇಳಿದ 2002ರ ನಿಯಮದಲ್ಲೇ ಇದೆ.

ಪರಿಹಾರ ಬೇಕಿದ್ದರೆ ಗ್ರಾಹಕರ ಆಯೋಗ. ಗಡುವು 2 ವರ್ಷ. ಶುಲ್ಕವನ್ನು ಆಸ್ಪತ್ರೆಗೆ ಕಟ್ಟಿದ ಬಿಲ್ಲಿನ ಮೇಲೆ ಲೆಕ್ಕ ಹಾಕುತ್ತಾರೆ, ಕೇಳುವ ಪರಿಹಾರದ ಮೇಲಲ್ಲ. ಬಿಲ್ಲು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಇಲ್ಲಿ ಇನ್ನೊಬ್ಬ ತಜ್ಞ ವೈದ್ಯರ ಅಭಿಪ್ರಾಯ ಬಹಳ ಮುಖ್ಯ, ಅದು ಸಿಗುವುದೇ ಕಷ್ಟ. ನಾವು ಮೂವರನ್ನು ಕೇಳಿದೆವು, ಬರೆದುಕೊಡಲು ಒಪ್ಪಿದ್ದು ಒಬ್ಬರು.

ಆಸ್ಪತ್ರೆಗೆ ಕೊಟ್ಟ ನಮ್ಮ ದೂರು ಎರಡು ಪುಟ. ಮೊದಲ ಕರಡು ಒಂಬತ್ತು ಪುಟ ಇತ್ತು. ಅದರಲ್ಲಿ ನೋವೆಲ್ಲ ಇತ್ತು, ಆದರೆ ಏನು ಕೇಳುತ್ತಿದ್ದೇವೆ ಎಂಬುದು ಇರಲಿಲ್ಲ. ಎರಡನೆಯದರಲ್ಲಿ ಘಟನೆ, ವೇಳೆ, ಕಡತದ ಪುಟ ಸಂಖ್ಯೆ, ಕೊನೆಗೆ ಮೂರು ಬೇಡಿಕೆ: ಕತ್ತರಿ ಹಾಕಲು ಕಾರಣವೇನೆಂದು ಲಿಖಿತ ವಿವರಣೆ, ಹೊಟ್ಟೆ ಒತ್ತಿದ್ದನ್ನು ಸೇರಿಸಿ ಸಮ್ಮರಿಗೆ ತಿದ್ದುಪಡಿ, ಕನ್ನಡದ ಒಪ್ಪಿಗೆ ಪತ್ರ. ಅಂಚೆ, ಜೆರಾಕ್ಸ್, ಎರಡನೇ ವೈದ್ಯರ ಶುಲ್ಕ, ಓಡಾಟ ಎಲ್ಲ ಸೇರಿ ಇದುವರೆಗಿನ ಖರ್ಚು 4,000 ರೂಪಾಯಿಗೆ ಸ್ವಲ್ಪ ಕಡಿಮೆ.

ಉತ್ತರ ಬರಲು 41 ದಿನ ಹಿಡಿಯಿತು. ಕತ್ತರಿಯನ್ನು ‘ಘಟಕದ ವಾಡಿಕೆಯಂತೆ’ ಹಾಕಲಾಗಿದೆ, ಪ್ರತ್ಯೇಕ ಒಪ್ಪಿಗೆ ದಾಖಲಾಗಿಲ್ಲ ಎಂದು ಒಪ್ಪಿಕೊಂಡಿದ್ದಾರೆ. ಹೊಟ್ಟೆ ಒತ್ತಿದ ಬಗ್ಗೆ ‘ಸಿಬ್ಬಂದಿಗೆ ನೆನಪಿಲ್ಲ’. ಕನ್ನಡದ ಒಪ್ಪಿಗೆ ಪತ್ರ ‘ಪರಿಶೀಲನೆಯಲ್ಲಿದೆ’. ಜೊತೆಗೆ ಸಮ್ಮರಿಗೆ ಒಂದು ಪುಟದ ಅನುಬಂಧ ಬಂದಿದೆ. ಅದರಲ್ಲಿ ಕತ್ತರಿ ಹಾಕಿದ ವೇಳೆ, ಹೊಲಿಗೆಯ ವಿವರ, ಮಗುವಿನ ಎದೆಬಡಿತ ಸಹಜವಾಗಿತ್ತು ಎಂಬ ಸಾಲು, ಕೆಳಗೆ ವೈದ್ಯರ ಸಹಿ ಮತ್ತು ವೇಳೆ. ‘ರೋಗಿಯ ಹೇಳಿಕೆಯಂತೆ ಹೊಟ್ಟೆಯ ಮೇಲೆ ಒತ್ತಲಾಗಿದೆ’ ಎಂದೂ ಬರೆದಿದ್ದಾರೆ. ಅವರು ಒಪ್ಪದಿದ್ದರೂ ನಮ್ಮ ಹೇಳಿಕೆಯನ್ನು ಹೀಗೆ ಸೇರಿಸಿ ಎಂದು ಕೇಳಬಹುದು, ನಾವು ಕೇಳಿದ್ದು ಹಾಗೇ. ಆ ಹಾಳೆಯ ಎರಡು ಪ್ರತಿ ತೆಗೆಸಿ, ಒಂದನ್ನು ತಾಯಿ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ, ಮೊದಲ ಪುಟಕ್ಕಿಂತ ಮುಂದೆ ಇಟ್ಟಿದ್ದೇವೆ. ಮುಂದಿನ ಸಲ ಕಾರ್ಡ್ ಬಿಚ್ಚಿದವರ ಕಣ್ಣಿಗೆ ಮೊದಲು ಬೀಳುವುದು ಅದೇ.